ಅನ್ನ ಮತ್ತು ಅಭಯ
(ಹಿಜರಿ 1445 ಶಾಬಾನ್ 26, 2024ರ ಮಾರ್ಚ್ 8ರ ಜುಮಾ ಬಯಾನಿನ ಸಾರಾಂಶ)

ಸಮಸ್ತ ಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ.



ಕಳೆದ ಶುಕ್ರವಾರ ನಾವು ಜುಮಾಗೆಂದು ವುಜೂ ಮಾಡಿಕೊಳ್ಳುವ ಹೊತ್ತಿನಲ್ಲಿ, ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿಗೆ, ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ತಿಂಡಿಗೆ ಬಂದವನಂತೆ ಬಂದ ಒಬ್ಬ ಬಿಟ್ಟುಹೋದ ಚೀಲದಲ್ಲಿ ಅದು ಇತ್ತು. ಅಲ್ಲಿ ಕೆಲಸ ಮಾಡುವವರೂ ಊಟಕ್ಕೆ ಬಂದವರೂ ಗಾಯಗೊಂಡರು. ಅಲ್ಲಾಹನ ದಯೆ, ಯಾರ ಪ್ರಾಣವೂ ಹೋಗಲಿಲ್ಲ.

ಬೆಂಗಳೂರು ನಮಗೆ ದೂರದ ಊರಲ್ಲ. ಮಂಡ್ಯ, ಮದ್ದೂರಿನಿಂದ ಬೆಳಗಿನ ರೈಲು ಹತ್ತಿ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಬರುವವರು ನಮ್ಮಲ್ಲೇ ಇದ್ದಾರೆ. ಮಳವಳ್ಳಿಯ ಮಕ್ಕಳು ಕನಕಪುರದ ಮೇಲೆ ಹೋಗುವ ಬಸ್ಸಿನಲ್ಲಿ ಹೋಗುತ್ತಾರೆ. ಮದ್ದೂರಿನ ಎಳನೀರು ದಿನಾ ಅಲ್ಲಿಗೆ ಹೋಗುತ್ತದೆ. ಅಂದು ಸುದ್ದಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ತಾಯಂದಿರು ಮಗ ಫೋನ್ ಎತ್ತುವವರೆಗೆ ಊಟಕ್ಕೆ ಕೂರಲಿಲ್ಲ.

ನಾವು ನಮಾಜಿನಲ್ಲಿ ಮತ್ತೆ ಮತ್ತೆ ಓದುವ ಚಿಕ್ಕ ಸೂರಾ ಒಂದಿದೆ: ಕುರೈಶ್. ಮಕ್ಕಾದ ವ್ಯಾಪಾರಿಗಳಿಗೆ ಅಲ್ಲಾಹನು ತನ್ನ ಎರಡು ಉಪಕಾರಗಳನ್ನು ಅದರಲ್ಲಿ ನೆನಪಿಸುತ್ತಾನೆ. ಒಂದು, ಹಸಿದವರಿಗೆ ಅನ್ನ ಕೊಟ್ಟದ್ದು. ಇನ್ನೊಂದು, ಭಯದಲ್ಲಿದ್ದವರಿಗೆ ಅಭಯ ಕೊಟ್ಟದ್ದು. ಈ ಎರಡನ್ನೂ ಅವನು ಜೊತೆಯಲ್ಲೇ ಹೇಳಿದ್ದಾನೆ. ಭಯದಲ್ಲಿ ತಿಂದ ಅನ್ನ ಮೈಗೆ ಹತ್ತುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿದೆ. ಊಟದ ಜಾಗದಲ್ಲಿ ಬಾಂಬ್ ಇಟ್ಟವನು ಅಲ್ಲಾಹನ ಈ ಎರಡು ಉಪಕಾರಗಳ ಮೇಲೂ ಒಟ್ಟಿಗೆ ಕೈ ಮಾಡಿದ್ದಾನೆ. ಅವನ ಹೆಸರು ಯಾವುದೇ ಇರಲಿ, ಅವನು ಮಾಡಿದ್ದು ಜುಲ್ಮ್.

ಪ್ರವಾದಿ(ಸ)ರ ಸಂಗಾತಿಗಳು ಪ್ರಯಾಣದಲ್ಲಿದ್ದಾಗ ಒಬ್ಬರು ನಿದ್ದೆ ಹೋಗಿದ್ದರು. ಇನ್ನೊಬ್ಬರು ಅವರ ಬಳಿಯಿದ್ದ ಹಗ್ಗವನ್ನು ತೆಗೆದುಕೊಂಡಾಗ ಅವರು ಬೆಚ್ಚಿಬಿದ್ದರು. ಹೀಗೆ ಒಬ್ಬರನ್ನು ಹೆದರಿಸುವುದು ಸರಿಯಲ್ಲ ಎಂದು ಪ್ರವಾದಿ(ಸ) ತಿಳಿಸಿದರೆಂದು ಅಬೂದಾವೂದ್‌ನ ಹದೀಸಿನಲ್ಲಿದೆ. ಒಂದು ಹಗ್ಗದ ವಿಷಯದಲ್ಲೇ ಇಷ್ಟು ಎಚ್ಚರಿಕೆ ಹೇಳಿರುವಾಗ, ಹಸಿದು ಬಂದವರ ನಡುವೆ ಬಾಂಬ್ ಇಡುವುದಕ್ಕೆ ದೀನ್‌ನಲ್ಲಿ ಎಲ್ಲಿಯ ಜಾಗ?

ಸಹೋದರರೇ, ಈ ವಾರ ನಮ್ಮ ಎದೆಯಲ್ಲಿ ಎರಡು ಭಯಗಳಿದ್ದವು. ಮೊದಲನೆಯದು ಎಲ್ಲರಿಗೂ ಇರುವ ಭಯ: ನಮ್ಮವರು ಅಲ್ಲಿದ್ದಿದ್ದರೆ? ಎರಡನೆಯದನ್ನು ನಾವು ಹೊರಗೆ ಹೇಳಿಕೊಳ್ಳುವುದಿಲ್ಲ: ಮಾಡಿದವನು ನಮ್ಮ ಹೆಸರಿನವನಾಗಿದ್ದರೆ? ಒಬ್ಬ ತಾಯಿ ನನ್ನನ್ನು ಕೇಳಿದರು, "ಹಜ್ರತ್, ಮಗ ರೈಲಿನಲ್ಲಿ ಹೋಗುವಾಗ ಟೋಪಿ ತೆಗೆದು ಜೇಬಲ್ಲಿಟ್ಟುಕೊಳ್ಳಲಿ ಅಂತ ಹೇಳಲಾ?" ನಾನು ಹೇಳಿದೆ, "ಅಮ್ಮಾ, ಟೋಪಿ ಇರಲಿ. ಪಕ್ಕದಲ್ಲಿ ಕೂತವರಿಗೆ ಅವನೇ ಮೊದಲು ನಮಸ್ಕಾರ ಹೇಳಲಿ, ಕ್ಷೇಮ ವಿಚಾರಿಸಲಿ."

ಎರಡನೆಯ ಭಯವನ್ನು ಸುಳ್ಳು ಎಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಮೊದಲ ಜಾಗ ಕೊಡಬೇಡಿ. ಸುದ್ದಿ ಕೇಳಿದ ಕೂಡಲೇ ನಮ್ಮ ಬಾಯಿಂದ ಬರಬೇಕಾದ ಮಾತು "ಗಾಯಗೊಂಡವರು ಹೇಗಿದ್ದಾರೆ?" ಎಂಬುದು. "ಮಾಡಿದವನು ಯಾರು?" ಎಂಬುದು ಆಮೇಲಿನ ಮಾತು. ಗಾಯಗೊಂಡವರ ನೋವನ್ನು ಮೊದಲು ನಮ್ಮದು ಮಾಡಿಕೊಂಡರೆ ನಮ್ಮ ಭಯವೂ ಹಗುರವಾಗುತ್ತದೆ. ಆಗ ನಾವು ಅನುಮಾನಕ್ಕೆ ಉತ್ತರ ಕೊಡಲು ನಿಂತವರಾಗುವುದಿಲ್ಲ, ಎಲ್ಲರ ಜೊತೆ ದುಃಖಪಡುವವರಾಗುತ್ತೇವೆ.

ಹೆದರುವುದು ಈಮಾನ್ ಕಡಿಮೆಯಾದುದರ ಗುರುತೇ? ಅಲ್ಲ. ಜಾದೂಗಾರರ ಹಗ್ಗಗಳು ಹಾವಿನಂತೆ ಕಂಡಾಗ ಮೂಸಾ(ಅ)ರ ಮನಸ್ಸಿನಲ್ಲೂ ಭಯ ಹುಟ್ಟಿತೆಂದು ಸೂರಾ ತಾಹಾ ತಿಳಿಸುತ್ತದೆ. ಅಲ್ಲಾಹನು ಅವರನ್ನು ಗದರಿಸಲಿಲ್ಲ, ಧೈರ್ಯ ತುಂಬಿದನು. ನಿಮ್ಮ ಮಕ್ಕಳು ಹೆದರಿದ್ದರೆ ನೀವೂ ಗದರಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಅವರ ಮಾತು ಕೇಳಿ.

ಮೊಬೈಲಿನಲ್ಲಿ ಆ ಸ್ಫೋಟದ ವಿಡಿಯೋವನ್ನು ಮತ್ತೆ ಮತ್ತೆ ನೋಡಬೇಡಿ, ಮುಂದಕ್ಕೆ ಕಳಿಸಲೂ ಬೇಡಿ. ಅಭಯದ ಸುದ್ದಿಯಾಗಲಿ ಭಯದ ಸುದ್ದಿಯಾಗಲಿ, ಸಿಕ್ಕ ಕೂಡಲೇ ಹರಡುವವರನ್ನು ಸೂರಾ ನಿಸಾದ 83ನೇ ಆಯತ್ ಎಚ್ಚರಿಸುತ್ತದೆ. ಅಂಥ ಸುದ್ದಿಯನ್ನು ಬಲ್ಲವರಿಗೂ ಹೊಣೆ ಹೊತ್ತವರಿಗೂ ಒಪ್ಪಿಸಬೇಕು. ಈ ಪ್ರಕರಣದ ತನಿಖೆ ಈಗ ಎನ್‌ಐಎ ಕೈಯಲ್ಲಿದೆ. ಸುಳಿವು ಕೊಟ್ಟವರಿಗೆ 10 ಲಕ್ಷ ರೂಪಾಯಿ ಬಹುಮಾನ ಘೋಷಿಸಿದ್ದಾರೆ. ಯಾರಿಗಾದರೂ ಏನಾದರೂ ಗೊತ್ತಿದ್ದರೆ, ಬಹುಮಾನ ಇರಲಿ ಬಿಡಲಿ, ಹೇಳುವುದು ಫರ್ಜ್. ನಮ್ಮ ಸ್ವಂತ ರಕ್ತಸಂಬಂಧಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿ ಹೇಳಬೇಕೆಂದು ಅದೇ ಸೂರಾದ 135ನೇ ಆಯತ್ ಕಲಿಸುತ್ತದೆ.

ಕೆಲವರಿಗೆ ಭಯ ಬೇಗ ಇಳಿಯುವುದಿಲ್ಲ. ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಬಸ್ಸು ಹತ್ತಲು ಕಾಲು ಬಾರದಿರುವುದು ವಾರಗಟ್ಟಲೆ ಮುಂದುವರಿದರೆ ಡಾಕ್ಟರಿಗೆ ತೋರಿಸಿ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಲು ಪ್ರವಾದಿ(ಸ) ಕಲಿಸಿದ್ದಾರೆ. ದುಆ ಮಾಡುವವನು ಔಷಧಿ ತೆಗೆದುಕೊಂಡರೆ ತವಕ್ಕುಲ್‌ಗೆ ಕುಂದಾಗುವುದಿಲ್ಲ.

ಇಂದು ಮಹಾಶಿವರಾತ್ರಿ. ನಮ್ಮ ಅಕ್ಕಪಕ್ಕದ ಮನೆಯವರು ಉಪವಾಸವಿದ್ದಾರೆ, ರಾತ್ರಿ ಜಾಗರಣೆ ಮಾಡುತ್ತಾರೆ. ಇನ್ನು ನಾಲ್ಕೈದು ದಿನಕ್ಕೆ ನಮ್ಮ ರಂಜಾನ್ ಉಪವಾಸ ಶುರು. ಹಸಿವು ಏನೆಂದು ಇಬ್ಬರಿಗೂ ಗೊತ್ತಿದೆ. ಈ ಸಲ ಇಫ್ತಾರಿನ ತಟ್ಟೆ ಪಕ್ಕದ ಮನೆಗೂ ಎದುರಂಗಡಿಗೂ ಹೋಗಲಿ. ಅವರು ಕರೆದರೆ ನೀವೂ ಹೋಗಿ ಕೂತು ಮಾತಾಡಿ. ಆ ಬಾಂಬ್ ಊಟದ ಜಾಗಕ್ಕೆ ಭಯ ತಂದಿದೆ. ಅದೇ ಊಟದ ಜಾಗಕ್ಕೆ ಅಭಯವನ್ನು ಮರಳಿ ತರುವುದು ನಮ್ಮ ನಿಮ್ಮ ಕೈಯಲ್ಲಿ ಆಗುವ ಕೆಲಸ.

ಯಾ ಅಲ್ಲಾಹ್, ಗಾಯಗೊಂಡವರಿಗೆ ಸಂಪೂರ್ಣ ಶಿಫಾ ಕರುಣಿಸು. ಅವರ ಮನೆಯವರಿಗೆ ಸಬ್ರ್ ಕೊಡು. ಬೆಳಿಗ್ಗೆ ಕೆಲಸಕ್ಕೆ ಹೋದ ನಮ್ಮೆಲ್ಲರ ಮಕ್ಕಳನ್ನು ಸಂಜೆ ಕ್ಷೇಮವಾಗಿ ಮನೆ ಸೇರಿಸು. ನಮ್ಮ ನಾಡಿಗೆ ಅನ್ನವನ್ನೂ ಅಭಯವನ್ನೂ ಕೊಡು. ಆಮೀನ್.