ಕಿರುಚಿತ್ರಗಳಲ್ಲಿ ಅಗ್ನಿಯೂ ಅಗ್ನಿಪರ್ವತವೂ

ರಟ್ಟೀಹಳ್ಳಿಯಲ್ಲಿ ಕುಮುದ್ವತಿಯ ದಂಡೆಯ ಮೇಲೆ ನಿಂತವರಿಗೆ ಅಗ್ನಿಪರ್ವತವೆಂಬುದು ಭೂಗೋಳದ ಪುಸ್ತಕದ ಮಾತಾಗಿ ತೋರುವುದು ಸಹಜ. ಹೊಳೆ, ಹೊಲ, ಕದಂಬೇಶ್ವರನ ಗುಡಿ, ಎಲ್ಲವೂ ತಂಪಾಗಿವೆ. ಆದರೆ ಧಾರವಾಡ, ಶಿವಮೊಗ್ಗ, ಚಿತ್ರದುರ್ಗಗಳ ಸೀಮೆಯಲ್ಲಿ ಹಬ್ಬಿರುವ ಪುರಾತನ ಶಿಲಾವರ್ಗಕ್ಕೆ ಭೂವಿಜ್ಞಾನಿಗಳು ಧಾರವಾಡದ ಹೆಸರನ್ನೇ ಇಟ್ಟಿದ್ದಾರೆ. ಅದರಲ್ಲಿ ಎಷ್ಟೋ ಪದರಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಿಂದೆ ಉಕ್ಕಿ ಹರಿದ ಲಾವಾರಸವೇ ಆಗಿವೆ. ಚಿತ್ರದುರ್ಗದ ಸಮೀಪದ ಮರಡಿಹಳ್ಳಿಯಲ್ಲಿ, ನೀರಿನಡಿಯಲ್ಲಿ ಹೆಪ್ಪುಗಟ್ಟಿದ ಆ ರಸವು ದಿಂಬುಗಳನ್ನು ಒಟ್ಟಿದಂತೆ ಇಂದಿಗೂ ಕಾಣುತ್ತದೆ. ನಮ್ಮ ಕಾಲಡಿಯಲ್ಲಿರುವುದು ಆರಿದ ಬೆಂಕಿ. ಉರಿಯುವ ಬೆಂಕಿಯನ್ನು ನಾವು ಒಲೆಯಲ್ಲಿ, ಕಮ್ಮಾರನ ಕುಲುಮೆಯಲ್ಲಿ, ಹೋಳಿಯ ಕಾಮದಹನದಲ್ಲಿ, ಮೊಹರಮ್ಮಿನ ಅಲಾಯಿ ಕುಣಿಯಲ್ಲಿ ಕಾಣುತ್ತೇವೆ. ಅಗ್ನಿಪರ್ವತವನ್ನಾದರೋ ನಮ್ಮಲ್ಲಿ ಬಹುಮಂದಿ ತೆರೆಯ ಮೇಲೆ ಮಾತ್ರ ಕಂಡವರು.

ತೆರೆಗೂ ಬೆಂಕಿಗೂ ಇರುವ ನಂಟು ಚಲಚ್ಚಿತ್ರದಷ್ಟೇ ಹಳೆಯದು. 1895ರ ಡಿಸೆಂಬರ್ 28ರಂದು ಪ್ಯಾರಿಸಿನಲ್ಲಿ ಲೂಮಿಯೇರ್ ಸೋದರರು ತೋರಿಸಿದ ಹತ್ತು ಚಿತ್ರಗಳಲ್ಲಿ ಒಂದು ಕಮ್ಮಾರರ ಕೆಲಸದ್ದು. ಅವುಗಳಲ್ಲಿ ಒಂದೂ ಒಂದು ನಿಮಿಷವನ್ನು ಮೀರಿದ್ದಲ್ಲ. ಇಂದು ಕಿರುಚಿತ್ರವೆನಿಸಿಕೊಳ್ಳುವ ರೂಪವೇ ಅಂದಿನ ಚಿತ್ರದ ರೂಪವಾಗಿತ್ತು. 1901ರಲ್ಲಿ ಇಂಗ್ಲೆಂಡಿನ ಜೇಮ್ಸ್ ವಿಲಿಯಂಸನ್ ‘ಫೈರ್!’ ಎಂಬ ಚಿತ್ರದಲ್ಲಿ ಉರಿಯುವ ಮನೆಯನ್ನೂ ಅದರೊಳಗಿನವರನ್ನು ಕಾಪಾಡಲು ಬಂದ ಅಗ್ನಿಶಾಮಕ ದಳವನ್ನೂ ತೋರಿಸಿದನು. ಮರುವರ್ಷ, 1902ರ ಮೇ 8ರಂದು, ಮಾರ್ಟಿನಿಕ್ ದ್ವೀಪದ ಪೆಲೆ ಪರ್ವತವು ಸಿಡಿದು ಸೇಂಟ್ ಪಿಯೇರ್ ಪಟ್ಟಣದ ಹೆಚ್ಚುಕಡಿಮೆ 28 ಸಾವಿರ ಜನರು ಸತ್ತರು. ಅದೇ ವರ್ಷ ಫ್ರಾನ್ಸಿನ ಜಾರ್ಜ್ ಮೆಲಿಯೇ ಪರ್ವತದ ಒಂದು ಸಣ್ಣ ಮಾದರಿಯನ್ನು ಕಟ್ಟಿ, ಅದರಿಂದ ಹೊಗೆಯುಗುಳಿಸಿ, ಆ ಉತ್ಪಾತವನ್ನು ಚಿತ್ರವಾಗಿ ಮಾರಿದನು.

ಈ ಎರಡು ಚಿತ್ರಗಳ ನಡುವಿನ ಅಂತರವೇ ನಮ್ಮ ಇಂದಿನ ವಿಷಯ. ಒಂದರಲ್ಲಿ ಬೆಂಕಿಯ ಬಳಿ ಮನುಷ್ಯನಿದ್ದಾನೆ. ಇನ್ನೊಂದರಲ್ಲಿರುವುದು ಬೆಂಕಿಯ ಬೆಡಗು. ಜ್ವಾಲೆ ಚೆಲುವಾದುದು, ನಿಜ. ಆದರೆ ಬೆಂಕಿಯನ್ನೇ ನೋಡುತ್ತ ಕುಳಿತ ಕಣ್ಣು ಬಹುಬೇಗ ತಣಿಯುತ್ತದೆ. ಆಮೇಲೆ ಮನಸ್ಸು ಕೇಳುವ ಪ್ರಶ್ನೆ ಒಂದೇ: ಇದು ಯಾರನ್ನು ಸುಟ್ಟಿತು? ಜರ್ಮನಿಯ ವೆರ್ನರ್ ಹೆರ್ಟ್ಸೋಗ್ 1977ರಲ್ಲಿ ತಯಾರಿಸಿದ ‘ಲಾ ಸೂಫ್ರಿಯೇರ್’ ಅರ್ಧ ಗಂಟೆಯ ಚಿತ್ರ. 1976ರಲ್ಲಿ ಗ್ವಾಡೆಲೂಪ್ ದ್ವೀಪದ ಅಗ್ನಿಪರ್ವತವು ಸಿಡಿಯುವುದೆಂಬ ಭಯದಿಂದ ಸುಮಾರು 70 ಸಾವಿರ ಜನರು ಮನೆ ಬಿಟ್ಟಿದ್ದರು. ಆ ನಿರ್ಜನ ಬೀದಿಗಳಲ್ಲಿ ಕ್ಯಾಮರಾ ನಡೆಯುತ್ತದೆ. ಹೋಗಲೊಲ್ಲದೆ ಮರದಡಿಯಲ್ಲಿ ಮಲಗಿರುವ ಒಬ್ಬ ಬಡವನನ್ನು ಮಾತನಾಡಿಸುತ್ತದೆ. ಪರ್ವತವು ಕೊನೆಗೂ ಸಿಡಿಯಲಿಲ್ಲ. ಬೆಂಕಿಯನ್ನೇ ಕಾಣದ ಈ ಅಗ್ನಿಚಿತ್ರವನ್ನು ನೋಡಿದವರು ಆ ಮನುಷ್ಯನನ್ನು ಮರೆಯಲಾರರು.

ಇದಕ್ಕಿಂತ ದೊಡ್ಡ ಕಾರ್ಯವನ್ನು ಮಾಡಿದ ಕಿರುಚಿತ್ರವೂ ಉಂಟು. ಫ್ರಾನ್ಸಿನ ಮೋರಿಸ್ ಮತ್ತು ಕಾತ್ಯಾ ಕ್ರಾಫ್ಟ್ ದಂಪತಿಗಳು ಲೋಕದ ಅಗ್ನಿಪರ್ವತಗಳ ಬಾಯಿಯವರೆಗೂ ಹೋಗಿ ಚಿತ್ರ ತೆಗೆದವರು. ಕಡೆಗಾಲದಲ್ಲಿ ಅವರು ಸಿದ್ಧಪಡಿಸಿದುದು ಜನರನ್ನು ಎಚ್ಚರಿಸುವ ಒಂದು ಚಿಕ್ಕ ಚಿತ್ರ. ಬಿಸಿ ಬೂದಿಯ ಮೋಡ ಹೇಗೆ ಉರುಳಿ ಬರುತ್ತದೆ, ಕೆಸರಿನ ಪ್ರವಾಹ ಊರನ್ನು ಹೇಗೆ ನುಂಗುತ್ತದೆ ಎಂಬುದನ್ನು ಅದು ತೋರಿಸುತ್ತದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನತೂಬೊ ಪರ್ವತವು ಗುಡುಗತೊಡಗಿದಾಗ ವಿಜ್ಞಾನಿಗಳು ಈ ದೃಶ್ಯಗಳನ್ನು ಅಲ್ಲಿಯ ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. ನಕ್ಷೆಗಳನ್ನು ನಂಬದಿದ್ದವರು ಕಣ್ಣಾರೆ ಕಂಡುದನ್ನು ನಂಬಿದರು. ಹತ್ತಾರು ಸಾವಿರ ಜನರು ಊರು ಬಿಟ್ಟರು. ಜೂನ್ 15ರಂದು ಪರ್ವತವು ಸಿಡಿಯಿತು. ನೂರಾರು ಜನರು ಸತ್ತರೂ ಸಹಸ್ರಾರು ಜನರು ಉಳಿದರು. ಆ ಸುದ್ದಿಯನ್ನು ಕೇಳಲು ಕ್ರಾಫ್ಟ್ ದಂಪತಿಗಳು ಇರಲಿಲ್ಲ. ಅದಕ್ಕೆ ಹನ್ನೆರಡು ದಿನ ಮೊದಲೇ, ಜೂನ್ 3ರಂದು, ಜಪಾನಿನ ಉನ್ಜೆನ್ ಪರ್ವತದ ಬಿಸಿ ಮೋಡವು ಅವರನ್ನು ಬಲಿ ತೆಗೆದುಕೊಂಡಿತ್ತು. ಅಂದು ಸತ್ತವರು 43 ಮಂದಿ. ಅವರಲ್ಲಿ ಪತ್ರಿಕೆಯವರನ್ನು ಕರೆತಂದಿದ್ದ ಟ್ಯಾಕ್ಸಿ ಚಾಲಕರೂ ಊರಿನ ಅಗ್ನಿಶಾಮಕ ಸ್ವಯಂಸೇವಕರೂ ಇದ್ದರು. ಚಿತ್ರ ತೆಗೆಯುವವನ ಸಾಹಸಕ್ಕೆ ಎಷ್ಟೋ ವೇಳೆ ಬೇರೆಯವರೂ ಬೆಲೆ ತೆರುತ್ತಾರೆ.

ಈ ಮಾತನ್ನು ಅರಿಯಲು ಜಪಾನಿಗೇ ಹೋಗಬೇಕಾಗಿಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು 62 ಜನರು ಸತ್ತರು. ತೆರೆಯ ಮೇಲೆ ವೈಭವ ಕಾಣಲೆಂದು ದುಡಿಯುತ್ತಿದ್ದವರು ಅವರು. ಬೆಂಕಿಗೆ ನಟನೆ ಬಾರದೆಂಬುದನ್ನು ನಮ್ಮ ನಾಡು ಅಂದು ಬಹು ದುಬಾರಿಯಾಗಿ ಕಲಿಯಿತು.

ಈಗ ಕೈಯಲ್ಲಿ ಹಿಡಿಯುವ ಫೋನಿನಿಂದಲೇ ಚಿತ್ರ ತೆಗೆಯಬಹುದಾಗಿದೆ. ರಟ್ಟೀಹಳ್ಳಿಯ ಒಬ್ಬ ತರುಣನು ಬೆಂಕಿಯನ್ನು ಕುರಿತು ಹತ್ತು ನಿಮಿಷದ ಚಿತ್ರ ಮಾಡಬಯಸಿದರೆ ಅವನಿಗೆ ಅಗ್ನಿಪರ್ವತವೇನೂ ಬೇಕಾಗಿಲ್ಲ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಬಣವೆಯೊಂದು ಗಳಿಗೆಯೊಳಗೆ ಬೂದಿಯಾಗುತ್ತದೆ. ವರ್ಷವಿಡೀ ಎತ್ತುಗಳ ಬಾಯಿಗೆ ಬೀಳಬೇಕಾದ ಮೇವು ಅದು. ಚಿತ್ರದಲ್ಲಿ ಉರಿಯನ್ನು ಕ್ಷಣಕಾಲ ತೋರಿಸಿದರೆ ಸಾಕು. ಉಳಿದ ಹೊತ್ತು ಕೊಡ ಹಿಡಿದು ಓಡಿದವರನ್ನು, ಬಾವಿ ಎಷ್ಟು ದೂರವಿತ್ತೆಂಬುದನ್ನು, ಬಣವೆಯ ಮೇಲೆ ಜೋತಿದ್ದ ವಿದ್ಯುತ್ತಿನ ತಂತಿಯನ್ನು, ಮರುದಿನ ಮೇವು ಕೊಟ್ಟ ನೆರೆಮನೆಯವರನ್ನು ತೋರಿಸಲಿ. ಅದನ್ನು ಊರಿನವರ ಮುಂದೆಯೇ ಮೊದಲು ಪ್ರದರ್ಶಿಸಲಿ.

ಪಟ್ಟಣದಲ್ಲಿ ಕುಳಿತ ನಾವು ಕಿರುಚಿತ್ರಗಳ ಛಾಯಾಗ್ರಹಣ ಎಷ್ಟು ಸೊಗಸು, ಬಣ್ಣ ಎಷ್ಟು ಸೊಗಸು ಎಂದು ಚರ್ಚಿಸುವುದುಂಟು. ಆ ಚರ್ಚೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಬೆಂಕಿಯ ಚಿತ್ರಕ್ಕೆ ಇನ್ನೊಂದು ಅಳತೆಯೂ ಇರಬೇಕು. ಅದನ್ನು ನೋಡಿ ಮನೆಗೆ ಹೋದವರಲ್ಲಿ ಒಬ್ಬನಾದರೂ ತನ್ನ ಬಣವೆಯನ್ನು ತಂತಿಯ ಕೆಳಗಿನಿಂದ ಸರಿಸಿ ಒಟ್ಟಿದನಾದರೆ ಆ ಚಿತ್ರವು ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.