ಓತಿಯ ರೆಕ್ಕೆ, ಮರದ ಎತ್ತರ

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಗೆಳೆಯರೊಬ್ಬರ ಕಾಫಿ ತೋಟವಿದೆ. ಹಾರುವ ಓತಿಯನ್ನು ನಾನು ಮೊದಲು ಕಂಡದ್ದು ಅಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾದಂದಿನಿಂದ ಈ ಪ್ರಾಣಿ ಕನ್ನಡ ಓದುಗರಿಗೆ ಪರಿಚಿತವೇ. ಆದರೂ ಓದಿ ತಿಳಿಯುವುದಕ್ಕೂ ಕಣ್ಣಾರೆ ಕಾಣುವುದಕ್ಕೂ ಅಂತರವುಂಟು. ತೊಗಟೆಯ ಚೂರೊಂದು ಕಳಚಿ ಬಿದ್ದಂತಾಯಿತು. ಬಿದ್ದದ್ದು ನೆಲ ಸೇರದೆ, ತೇಲುತ್ತ ಹೋಗಿ ಆಚೆಯ ಮರವನ್ನು ಅಪ್ಪಿತು.

ಬೀಳುವ ವಸ್ತು ತೇಲುವುದು ಹೇಗೆ? ಇದಕ್ಕೆ ಉತ್ತರ ಹೇಳುವುದು ವಾಯುಗತಿ ವಿಜ್ಞಾನ. ಓತಿಯ ಕೆಲವು ಪಕ್ಕೆಲುಬುಗಳು ನೀಳವಾಗಿ ಬೆಳೆದು, ಚರ್ಮದ ಪೊರೆಯನ್ನು ಕೊಡೆಯ ಕಡ್ಡಿಗಳಂತೆ ಬಿಡಿಸಿ ಹಿಡಿಯುತ್ತವೆ. ಪೊರೆಯ ಮುಂದಿನ ಅಂಚನ್ನು ಅದು ಮುಂಗಾಲುಗಳಿಂದಲೂ ಹಿಡಿದುಕೊಳ್ಳುವುದೆಂದು, ನಮ್ಮ ಪಶ್ಚಿಮಘಟ್ಟದ ಓತಿಗಳನ್ನೇ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ತುಸು ಓರೆಯಾಗಿ ಸಾಗುವ ಪೊರೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಗಾಳಿ ಪ್ರತಿಯಾಗಿ ಪೊರೆಯನ್ನು ಮೇಲಕ್ಕೆ ಒತ್ತುತ್ತದೆ. ಇದು ಎತ್ತುವ ಬಲ. ಮುನ್ನಡೆಗೆ ಅಡ್ಡಿಯಾಗುವುದು ತಡೆಯುವ ಬಲ. ಮೊದಲಿನದು ಎರಡನೆಯದರ ಮೂರರಷ್ಟಿದ್ದರೆ, ಒಂದು ಅಡಿ ಇಳಿಯುವಷ್ಟರಲ್ಲಿ ಮೂರು ಅಡಿ ಮುಂದೆ ಸಾಗಬಹುದು. ಎಂಜಿನ್ ನಿಂತ ವಿಮಾನವನ್ನು ಚಾಲಕನು ತೇಲಿಸಿ ತರುವುದೂ ಇದೇ ಲೆಕ್ಕದಿಂದ. ಇಳಿಯುವಾಗ ಓತಿ ತಲೆಯೆತ್ತಿ ವೇಗ ತಗ್ಗಿಸುತ್ತದೆ. ವಿಮಾನವೂ ನೆಲ ಮುಟ್ಟುವ ಮುನ್ನ ಮೂತಿ ಎತ್ತುತ್ತದೆ.

ಈ ಬಲಗಳನ್ನು ಅಳೆಯಲೆಂದೇ ಮನುಷ್ಯನು ಗಾಳಿಸುರಂಗಗಳನ್ನು ಕಟ್ಟಿದ. ಬೆಂಗಳೂರಿನ ಅಂದಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1967ರಲ್ಲಿ, ಶಬ್ದದ ವೇಗವನ್ನೂ ಮೀರಿ ಗಾಳಿ ಬೀಸುವ ದೊಡ್ಡ ಸುರಂಗವೊಂದು ಕೆಲಸ ಆರಂಭಿಸಿತು. ಅಲ್ಲಿ ಮಾದರಿಯು ನಿಂತಿರುತ್ತದೆ, ಗಾಳಿ ಓಡುತ್ತದೆ. ನಮ್ಮ ರಾಕೆಟ್ಟುಗಳ, ತೇಜಸ್ ವಿಮಾನದ ಮಾದರಿಗಳು ಪರೀಕ್ಷೆಗೊಳಗಾದದ್ದು ಅಲ್ಲಿಯೇ.

ವಿಮಾನಕ್ಕೆ ಎಂಜಿನ್ ಉಂಟು. ಓತಿಗೆ ತಾನು ಹತ್ತಿದ ಎತ್ತರವೊಂದೇ ಬಂಡವಾಳ; ಅದನ್ನು ಖರ್ಚು ಮಾಡಿಯೇ ದೂರವನ್ನು ಕೊಳ್ಳಬೇಕು.

ಮರುವರ್ಷ ಅದೇ ತೋಟಕ್ಕೆ ಹೋದಾಗ ಓತಿ ಅಪ್ಪಿದ್ದ ಮರವಿರಲಿಲ್ಲ. ಗಿಡಗಳಿಗೆ ಬಿಸಿಲು ಸಾಲದೆಂದು ಕಡಿಸಿದ್ದರು. ಮುಂದಿನ ಮರದವರೆಗೆ ಹೆಜ್ಜೆ ಹಾಕಿ ಎಣಿಸಿದೆ: ನಲವತ್ತು ಹೆಜ್ಜೆ, ಅಂದರೆ ಸುಮಾರು ನೂರು ಅಡಿ. ನಮ್ಮ ಲೆಕ್ಕದಂತೆ ಅದನ್ನು ದಾಟಲು ಮೂವತ್ತಮೂರು ಅಡಿಗಳಷ್ಟಾದರೂ ಇಳಿಯಬೇಕು; ಜಿಗಿದ ಕೂಡಲೇ ನೆಟ್ಟಗೆ ಬೀಳುವ ಅಡಿಗಳು ಬೇರೆ. ಗೆಳೆಯರು ಲೆಕ್ಕವನ್ನು ಮೌನವಾಗಿ ಕೇಳಿದರು. ಕಡಿಯುವುದಕ್ಕೆಂದು ಸುಣ್ಣದ ಗುರುತು ಹಾಕಿಸಿದ್ದ ಇನ್ನೆರಡು ಮರಗಳಿದ್ದವು. ಸಂಜೆ ಹೊರಡುವಾಗ ನೋಡಿದೆ: ಒಂದರ ಗುರುತನ್ನು ಅಳಿಸಲಾಗಿತ್ತು.