ಮುಂಬಯಿಯಲ್ಲಿ ಒಂದೂವರೆ ದಿನದ ಊಟ

ಈ ಹೊತ್ತಿನಲ್ಲಿ ನಿಮ್ಮಲ್ಲಿ ಬಹುಮಂದಿಗೆ ರಾತ್ರಿಯ ಊಟ ಇನ್ನೂ ಆಗಿರಲಾರದು. ಹಸಿದು ಕುಳಿತವರ ಎದುರಿಗೆ ತಿಂಡಿತೀರ್ಥಗಳ ಪ್ರಸ್ತಾಪವನ್ನೆತ್ತುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ. ಆದರೆ ಮಾಡುವುದೇನು? ನಮಗೆ ಗೊತ್ತುಮಾಡಿಕೊಟ್ಟಿರುವ ವಿಷಯ ಪ್ರವಾಸ. ಈಚೆಗೆ ನಾವು ಪ್ರವಾಸ ಹೋದ ಊರು ಮುಂಬಯಿ. ಅಲ್ಲಿ ನಾವು ನೋಡಿದುದಕ್ಕಿಂತ ತಿಂದುದೇ ಹೆಚ್ಚು. ಘಾರಾಪುರಿಯ ಗುಹೆಗಳನ್ನು ವರ್ಣಿಸುವೆವೆಂದು ಕಾದು ಕುಳಿತವರು ದಯಮಾಡಿ ಕ್ಷಮಿಸಬೇಕು.

ಹೊರಟವರು ಮೂವರು: ನಾವು, ನಮ್ಮ ಮನೆಯಾಕೆ, ಆಕೆಯ ಸೋದರಮಾವ. ಪ್ರಯಾಣಕ್ಕೆ ಕಾರಣರಾದವರು ಈ ಸೋದರಮಾವನೇ. ಕುಂದಾಪುರದ ಬಳಿಯ ಒಂದು ಹಳ್ಳಿಯವರು. 1957ರಲ್ಲಿ, ಹನ್ನೊಂದು ವರ್ಷದ ಹುಡುಗರಾಗಿದ್ದಾಗ, ಮಂಗಳೂರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಹೋದರು. ಕರಾವಳಿಯುದ್ದಕ್ಕೂ ರೈಲು ಬಂದದ್ದು 1998ರಲ್ಲಿ. ಅದಕ್ಕೆ ನಲವತ್ತು ವರ್ಷ ಮುಂಚಿನ ಮಾತು ಇದು. ಫೋರ್ಟ್ ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಮೊದಲು ಲೋಟ ತೊಳೆದರು, ಆಮೇಲೆ ಮೇಜು ಒರೆಸಿದರು, ಕಡೆಗೆ ಮಾಣಿಯಾಗಿ ತಿಂಡಿ ಹಂಚಿದರು. ರಾತ್ರಿ ಬಾಗಿಲು ಹಾಕುವ ಮುನ್ನ ಧಣಿಗಳ ಅಪ್ಪಣೆ ಪಡೆದು ಕನ್ನಡದ ರಾತ್ರಿ ಶಾಲೆಗೆ ಓಡುವುದು, ಬಂದು ಮೇಜುಗಳ ಮೇಲೆಯೇ ಮಲಗುವುದು. ಹೀಗೆ ಒಂಬತ್ತು ವರ್ಷ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತರಾದ ಮೇಲೆ ವರ್ಗವಾಗಿ ಎಲ್ಲೆಲ್ಲಿಯೋ ಸುತ್ತಿದರು. ನಿವೃತ್ತರಾಗಿ ಮೈಸೂರಿನಲ್ಲಿ ನೆಲಸಿದರು. ಮುಂಬಯಿಗೆ ಮಾತ್ರ ತಿರುಗಿ ಹೋಗಲಿಲ್ಲ.

ಅವರಿಗೆ ಒಂದು ಆಸೆ ಉಳಿದಿತ್ತು. ಅದನ್ನು ಆಸೆಯೆಂದು ಅವರು ಎಂದೂ ಹೇಳಿಕೊಂಡವರಲ್ಲ. ಒಂದು ದಿನ ಹಬ್ಬದೂಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ, ಮಾತಿನ ನಡುವೆ ತಾನಾಗಿ ಹೊರಬಿತ್ತು. ಮಾತುಂಗಾದಲ್ಲಿ ರಾಮನಾಯಕರ ಬೋರ್ಡಿಂಗು ಎಂದು ಒಂದುಂಟು. ಧಣಿಗಳ ಕಾಗದವೊಂದನ್ನು ಆ ಬೀದಿಗೆ ಒಯ್ದಿದ್ದ ಹುಡುಗ ಅದರ ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನಿಂದ ಬರುವ ಸಾರಿನ ಪರಿಮಳವನ್ನು ಮೂಸಿದ್ದನು. ಮೇಲೆ ಹೋಗಲು ಕೈಯಲ್ಲಿ ಕಾಸಿರಲಿಲ್ಲ. ಆ ಒಂಬತ್ತು ವರ್ಷಗಳಲ್ಲಿ ಅವರು ಎಷ್ಟೋ ಸಾವಿರ ಜನಕ್ಕೆ ಬಡಿಸಿದ್ದರು. ತಾವು ಮಾತ್ರ ಮಧ್ಯಾಹ್ನ ಮೂರರ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ನಿಂತೇ ಉಂಡವರು. "ಒಮ್ಮೆ ಅಲ್ಲಿ ಎಲೆಯ ಎದುರು ಕೂತುಕೊಂಡು ಉಣ್ಣಬೇಕಿತ್ತು," ಎಂದರು. ನಮ್ಮ ಮನೆಯಾಕೆ ಮಾರನೆಯ ದಿನವೇ ಮೂರು ಟಿಕೆಟ್ಟು ತೆಗೆಸಿದಳು.

ಶುಕ್ರವಾರ ಹೊರಟು ಶನಿವಾರ ಮಧ್ಯಾಹ್ನದ ಊಟಕ್ಕೆ ಮಾತುಂಗಾ. ಭಾನುವಾರ ಊರು ಸುತ್ತಿ ರಾತ್ರಿ ಹಿಂದಿರುಗುವುದು. ಕಾಲೇಜಿನ ವೇಳಾಪಟ್ಟಿಯನ್ನು ಬರೆದು ಅಭ್ಯಾಸವಾದ ಕೈ ನಮ್ಮದು. ಈ ಪಟ್ಟಿಯನ್ನೂ ಅಂದವಾಗಿಯೇ ಬರೆದೆವು. ಆದರೆ ಕಾಲ ಆಷಾಢ. ಪುಣೆಯನ್ನು ದಾಟಿ ಲೋಣಾವಳಕ್ಕೆ ಬರುವ ಹೊತ್ತಿಗೆ ಭೋರ್ ಘಟ್ಟದಲ್ಲಿ ಮಣ್ಣು ಕುಸಿದು ಹಳಿಯ ಮೇಲೆ ಬಿದ್ದಿತ್ತು. ಗಾಡಿ ನಿಂತಿತು, ನಿಂತದ್ದು ನಾಲ್ಕು ಗಂಟೆ ಕದಲಲಿಲ್ಲ. ಈ ಘಟ್ಟದ ದಾರಿ ತೆರೆದದ್ದು 1863ರಲ್ಲಿ. ಮೂವತ್ತೇಳು ಅಡಿ ಸಾಗಿದರೆ ಒಂದಡಿ ಏರುವಂಥ ಕಡಿದಾದ ದಾರಿ. ಅದನ್ನು ಕಡಿಯುವಾಗ ಸಿಡಿತ, ಕಾಲರಾ, ಜ್ವರಗಳಿಂದ ಸತ್ತ ಕೂಲಿಗಾರರು ಸಾವಿರಾರು. ಅಂಥ ಬೆಟ್ಟ ವರ್ಷಕ್ಕೊಮ್ಮೆ ಮೈ ಕೊಡವಿದರೆ ಅದರ ಮೇಲೆ ಕೋಪಿಸಿಕೊಳ್ಳುವ ಹಾಗಿಲ್ಲ. ನಾವು ಆ ಊರಿನ ಪ್ರಸಿದ್ಧ ಚಿಕ್ಕಿಯನ್ನು ಕೊಂಡು ಕಡಿಯುತ್ತ ಕುಳಿತೆವು. ಬೆಲ್ಲದ ಪಾಕಕ್ಕೆ ಕಡಲೆಕಾಯಿ ಬೀಜ ಬೆರಸಿ ತಟ್ಟಿದ ಪದಾರ್ಥ ಹಲ್ಲಿಗೆ ಪರೀಕ್ಷೆ, ಹೊಟ್ಟೆಗೆ ಸಮಾಧಾನ. ಮಾವ ಮಾತ್ರ ತಿನ್ನಲಿಲ್ಲ. "ಹಸಿವನ್ನು ಕೆಡಿಸಿಕೊಳ್ಳುವುದು ಬೇಡ ಮಾರಾಯ್ರೆ," ಎಂದು ತಮ್ಮ ಪೊಟ್ಟಣವನ್ನು ಚೀಲದಲ್ಲಿರಿಸಿಕೊಂಡರು.

ಗಾಡಿ ಮತ್ತೆ ಹೊರಟು ಕಲ್ಯಾಣವನ್ನು ಮುಟ್ಟಿದಾಗ ಸಂಜೆ. ತಗ್ಗಿನಲ್ಲಿ ನೀರು ನಿಂತಿದೆಯೆಂದು ಅಲ್ಲಿಯೂ ತಡೆ. 2005ರ ಜುಲೈ 26ರಂದು ಸಾಂತಾಕ್ರೂಜ಼್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಬಿದ್ದು ನಗರವೇ ಮುಳುಗಿದ್ದುದನ್ನು ಕಂಡವರಿಗೆ ಅಂದಿನ ಮಳೆ ಮಳೆಯೇ ಅಲ್ಲವಂತೆ. ಪಕ್ಕದಲ್ಲಿ ಕುಳಿತಿದ್ದ ಮಹಾರಾಷ್ಟ್ರೀಯರೊಬ್ಬರು ಹಾಗೆ ಹೇಳಿ ನಮಗೆ ಧೈರ್ಯ ಕೊಟ್ಟರು. ಅಂತೂ ದಾದರಿನಲ್ಲಿ ಇಳಿದಾಗ ರಾತ್ರಿ ಎಂಟೂವರೆ ದಾಟಿತ್ತು. ಸ್ಟೇಷನ್ನಿನ ಹೊರಗೆ ಮಳೆಗೆ ಮೈಯೊಡ್ಡಿ ವಡಾಪಾವ್ ತಿಂದೆವು. ಇದನ್ನು 1966ರಲ್ಲಿ ಇದೇ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ ವೈದ್ಯ ಎಂಬುವರು ಮೊದಲು ಮಾರಿದರೆಂದು ಪ್ರತೀತಿ. ಪಾವ್ ಎಂಬ ಹೆಸರು ಪೋರ್ತುಗೀಸರದು. ಒಳಗಿರುವ ಬಟಾಟೆಯ ಹೆಸರೂ ಅವರದೇ, ನಮ್ಮ ಕರಾವಳಿಯವರೂ ಅದನ್ನೇ ಬಳಸುವರು. ಹಸಿಮೆಣಸಿನಕಾಯಿಯೂ ಸಮುದ್ರದಾಚೆಯಿಂದ ಬಂದುದೇ. ಕಡಲೆಹಿಟ್ಟನ್ನು ಬಿಟ್ಟರೆ ಅದರಲ್ಲಿ ದೇಶೀಯವಾದುದು ಬಹಳವಿಲ್ಲ. ಆದರೂ ಅಷ್ಟು ಮುಂಬಯಿತನವಿರುವ ಪದಾರ್ಥ ಇನ್ನೊಂದನ್ನು ಕಾಣೆವು. ಕೈಯಲ್ಲಿ ಹಿಡಿದು, ನಡೆಯುತ್ತ, ಮುಂದಿನ ಗಾಡಿ ಬರುವುದರೊಳಗೆ ಮುಗಿಸಬಹುದು.

ಇಲ್ಲಿ ನಮ್ಮ ಪಾಂಡಿತ್ಯ ಕೈಕೊಟ್ಟಿತು. ಮಾತುಂಗಾ ಎಂಬ ಸ್ಟೇಷನ್ನು ಮಧ್ಯ ರೈಲ್ವೆಯ ದಾರಿಯಲ್ಲಿದೆ; ಪಶ್ಚಿಮ ರೈಲ್ವೆಯ ದಾರಿಯಲ್ಲಿರುವುದು ಮಾತುಂಗಾ ರೋಡ್. ಇವೆರಡೂ ಸಾಲದೆಂದು ಹಾರ್ಬರ್ ದಾರಿಯಲ್ಲಿ ಕಿಂಗ್ಸ್ ಸರ್ಕಲ್ ಬೇರೆ. ದಾರಿ ತೋರಿಸಲು ಮಾವನಿದ್ದರು. ಆದರೆ ನಕ್ಷೆ ನಮ್ಮ ಕೈಯಲ್ಲಿತ್ತು, ಬಿ.ಎ., ಎಂ.ಎ. ಪದವಿಗಳೂ ನಮ್ಮವೇ. ಪಶ್ಚಿಮದ ಗಾಡಿ ಹತ್ತಿ ಮಾತುಂಗಾ ರೋಡಿನಲ್ಲಿ ಇಳಿದೆವು. ಎರಡು ಸ್ಟೇಷನ್ನುಗಳ ನಡುವೆ ಇಂಗ್ಲಿಷಿನ ಕಡೆಯ ಅಕ್ಷರದ ಹಾಗೆ ಮುರಿದು ಮುರಿದು ಸಾಗುವ ಉದ್ದನೆಯ ಕಾಲುಸೇತುವೆಯೊಂದುಂಟು. ಅದರ ಮೇಲೆ ಮಳೆಯಲ್ಲಿ, ಪೆಟ್ಟಿಗೆ ಹೊತ್ತು, ಎಂಬತ್ತರ ಸಮೀಪದ ಮುದುಕರನ್ನು ನಡೆಸಿಕೊಂಡು ಹೋದ ನಾಚಿಕೆಯನ್ನು ನಾವು ಬೇಗ ಮರೆಯಲಾರೆವು. ಬೋರ್ಡಿಂಗಿನ ಮೆಟ್ಟಿಲ ಬಳಿಗೆ ಬಂದಾಗ ಅಂದಿನ ಕಡೆಯ ಪಂಕ್ತಿ ಮುಗಿದಿತ್ತು. ಮಾವ ಮೆಟ್ಟಿಲ ಬುಡದಲ್ಲಿ ನಿಂತು ಒಮ್ಮೆ ಮೇಲಕ್ಕೆ ನೋಡಿ, "ಆಗಲಿ, ಜಾಗ ಬದಲಾಗಲಿಲ್ಲ," ಎಂದಷ್ಟೇ ನುಡಿದರು. ಮನೆಯಾಕೆ ನಮ್ಮ ಕಡೆ ನೋಡಿದ ನೋಟದ ವಿಚಾರ ಇಲ್ಲಿ ಅಪ್ರಸ್ತುತ.

ಅಂದಿನ ರಾತ್ರಿಯೂಟ ಬೀದಿಯಂಚಿನ ಗಾಡಿಯೊಂದರ ಮುಂದೆ ನಡೆಯಿತು. ಅಲ್ಲಿ "ಮೈಸೂರು ಮಸಾಲೆ" ಎಂದು ಕೂಗುತ್ತಿದ್ದರು. ಮೈಸೂರಿನವರಾದ ನಾವು ಅಭಿಮಾನದಿಂದ ಅದನ್ನೇ ಕೇಳಿದೆವು. ಕಾವಲಿಯ ಮೇಲಿನ ದೋಸೆಗೆ ಅಂಗೈಯಗಲದ ಬೆಣ್ಣೆ, ಕೆಂಪು ಚಟ್ನಿ, ಈರುಳ್ಳಿ, ಟೊಮೇಟೊ, ಬೀಟ್‌ರೂಟು, ಬಟಾಟೆ ಎಲ್ಲವನ್ನೂ ಹಾಕಿ, ಅಲ್ಲಿಯೇ ಕುಟ್ಟಿ ಹದಮಾಡಿ, ಸುರುಳಿ ಸುತ್ತಿ, ತುಂಡರಿಸಿ ಕೊಟ್ಟರು. ಮೈಸೂರಿಗೂ ಅದಕ್ಕೂ ಉಳಿದಿರುವ ಸಂಬಂಧ ಆ ಕೆಂಪು ಚಟ್ನಿಯದು ಮಾತ್ರ. ಆದರೂ ಎರಡನೆಯದನ್ನು ಕೇಳಿ ತಿಂದೆವೆಂಬುದನ್ನು ಮುಚ್ಚಿಡುವುದಿಲ್ಲ. ಉಳಿಯಬೇಕಾಗಿದ್ದ ವಸತಿಗೃಹದಲ್ಲಿ ನಮ್ಮ ಹೆಸರು ಮಾರನೆಯ ದಿನಕ್ಕೆ ಬರೆಯಲ್ಪಟ್ಟಿತ್ತು. ವಡಾಳದಲ್ಲಿರುವ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಚಾಪೆ ದೊರೆಯಿತು.

ಭಾನುವಾರ ಬೆಳಗ್ಗೆ ಫೋರ್ಟ್ ಕಡೆಗೆ ಹೊರಟೆವು. ದಾರಿಯಲ್ಲಿ ಧೋಬಿ ತಲಾವಿನ ಕಯಾನಿ ಎಂಬ ಇರಾನಿ ಕೆಫೆ, 1904ರದು. ಇರಾನಿನ ಯಜ್ದ್, ಕೆರ್ಮಾನ್ ಪ್ರಾಂತಗಳಿಂದ ವಲಸೆ ಬಂದ ಜ಼ರತುಷ್ಟ್ರ ಮತದವರು ಇಂಥ ಅಂಗಡಿಗಳನ್ನು ನಗರದ ಮೂಲೆಮೂಲೆಗಳಲ್ಲಿ ತೆರೆದರು. ಮೂಲೆ ಅಂಗಡಿ ಅಶುಭವೆಂದು ಉಳಿದ ವರ್ತಕರು ಬಿಟ್ಟ ಜಾಗ ಇವರಿಗೆ ದೊರೆಯಿತೆಂದು ಹೇಳುವುದುಂಟು. ಬಗ್ಗಿಸಿದ ಮರದ ಕುರ್ಚಿ, ಚೌಕಳಿ ಬಟ್ಟೆಯ ಮೇಜು. ಗಟ್ಟಿ ಮೇಲ್ಪದರದ ಬ್ರುನ್ ಎಂಬ ರೊಟ್ಟಿಗೆ ಬೆಣ್ಣೆ ಸವರಿ, ಮಂದವಾದ ಚಹಾದಲ್ಲಿ ಅದ್ದಿ ತಿನ್ನಬೇಕು. ಅದ್ದದೆ ಕಚ್ಚಿದರೆ ಲೋಣಾವಳದ ಚಿಕ್ಕಿಯ ನೆನಪು ಬರುತ್ತದೆ. ಕಾಫಿಯವರಾದ ನಾವು ಎರಡು ಚಹಾ ಕುಡಿದೆವು. ಈ ಬಗೆಯ ಕೆಫೆಗಳು ಒಂದು ಕಾಲಕ್ಕೆ ಕೆಲವು ನೂರು ಇದ್ದುವು; ಈಗ ಉಳಿದಿರುವುವು ಬೆರಳೆಣಿಕೆಯವು.

ಮಾವ ದುಡಿದ ಹೋಟೆಲು ಅಷ್ಟೂ ಉಳಿದಿರಲಿಲ್ಲ. ಆ ಜಾಗದಲ್ಲಿ ಕೈಫೋನಿನ ಹೊದಿಕೆಗಳನ್ನು ಮಾರುವ ಅಂಗಡಿಯಿತ್ತು. ಹೊಸ್ತಿಲ ಕಲ್ಲು ಮಾತ್ರ ಹಳೆಯದೆಂದು ಗುರುತಿಸಿ, ಅದರ ಮೇಲೆ ಚಪ್ಪಲಿಯ ತುದಿಯನ್ನು ಒತ್ತಿ ನೋಡಿದರು. ಅವರ ಎಡಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಸುಟ್ಟ ಕಲೆಯಿದೆ. ದೋಸೆಕಲ್ಲಿನದೆಂದು ನಮಗೆ ತಿಳಿದಿತ್ತು. ಆಗ ಅವರ ವಯಸ್ಸು ಹನ್ನೆರಡು ಎಂಬುದು ಅಂದೇ ತಿಳಿದದ್ದು. ನಮ್ಮ ಉಡುಪಿ ಹೋಟೆಲುಗಳ ಕೀರ್ತಿಯನ್ನು ಹಾಡುವಾಗ ನಾವು ಧಣಿಗಳ ಸಾಹಸವನ್ನು ಹೇಳುತ್ತೇವೆ. ಅದು ದೊಡ್ಡದೇ ಸರಿ: ಹಲವರು ತಾವೂ ಲೋಟ ತೊಳೆದೇ ಮೇಲೆ ಬಂದವರು, ಹುಡುಗರನ್ನು ಓದಲು ಬಿಟ್ಟವರು. ಆದರೆ ಓದಲು ಬಿಡದ ಧಣಿಗಳೂ ಇದ್ದರು. ಮಾವನೊಡನೆ ಹಡಗು ಹತ್ತಿದ ಐವರಲ್ಲಿ ಮೆಟ್ರಿಕ್ ಮುಟ್ಟಿದವರು ಇಬ್ಬರು. ಒಬ್ಬನು ಕ್ಷಯದಿಂದ ಹೋದನು. ಉಳಿದ ಇಬ್ಬರ ಸುದ್ದಿಯೇ ಇಲ್ಲ. ಇದನ್ನು ಅವರು ಕೊರಗಿನಿಂದ ಹೇಳಲಿಲ್ಲ. ಲೆಕ್ಕ ಒಪ್ಪಿಸುವವರಂತೆ ಹೇಳಿದರು.

ಹನ್ನೊಂದಕ್ಕೆ ಹಿಂದಿರುಗಬೇಕಾಗಿದ್ದ ನಮಗೆ ಭಾನುವಾರದ ಹಳಿ ದುರಸ್ತಿಯ ನೆನಪಿರಲಿಲ್ಲ. ಮೆಗಾ ಬ್ಲಾಕ್ ಎಂಬ ಹೆಸರಿನಿಂದ ಅಂದು ಗಾಡಿಗಳು ಕಡಿಮೆ. ಬಾಡಿಗೆ ಕಾರೊಂದನ್ನು ಹಿಡಿದೆವು. ಪರೇಲಿನ ಬಳಿ ಅದರ ಚಕ್ರದ ಗಾಳಿ ಹೋಯಿತು. ಗಂಟೆ ಒಂದಾಗುತ್ತ ಬಂತು. ಈ ಬಾರಿ ನಕ್ಷೆಯನ್ನು ಮಡಿಸಿಟ್ಟು ಮಾವನ ಹಿಂದೆ ನಡೆದೆವು. ಅರುವತ್ತು ವರ್ಷದ ಹಿಂದಿನ ನೆನಪಿನಿಂದ ಅವರು ಹಿಡಿಸಿದ ಬಸ್ಸು ನಮ್ಮನ್ನು ಸರಿಯಾದ ಮಾತುಂಗಾಕ್ಕೇ ಮುಟ್ಟಿಸಿತು.

ಮಾತುಂಗಾ, 1896ರ ಪ್ಲೇಗಿನ ತರುವಾಯ ನಗರಸುಧಾರಣೆಯ ಟ್ರಸ್ಟಿನವರು ಯೋಜನೆ ಹಾಕಿ ಕಟ್ಟಿಸಿದ ಬಡಾವಣೆಗಳಲ್ಲೊಂದು. ದಕ್ಷಿಣದೇಶದವರು ಬಂದು ನೆಲಸಿದರು. ಅವರ ಹಿಂದೆ ಕಾಫಿಯೂ ಇಡ್ಲಿಯೂ ಬಂದುವು. ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿತು. ಹುಡುಗರಾಗಿದ್ದಾಗಲೇ ಉಡುಪಿಯ ಸೀಮೆಯಿಂದ ಮುಂಬಯಿಗೆ ಬಂದು ಅಡಿಗೆಮನೆಗಳಲ್ಲಿ ದುಡಿದ ರಾಮನಾಯಕರು 1936ರಲ್ಲಿ ಮೈಸೂರು ಕೆಫೆಯನ್ನೂ 1942ರಲ್ಲಿ ಈ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನೂ ತೆರೆದರು. ಸ್ಟೇಷನ್ನಿನ ಹೊರಗೆ ಹೂವಿನ ಅಂಗಡಿಗಳ ಸಾಲು, ಬಾಳೆಯೆಲೆಯ ಕಟ್ಟುಗಳು, ಮಗ್ಗುಲಲ್ಲೇ ಮೆಟ್ಟಿಲು. ಭಾನುವಾರದ ಜನ ಮೆಟ್ಟಿಲ ತುಂಬ ನಿಂತಿದ್ದರು. ಮುಕ್ಕಾಲು ಗಂಟೆ ಕಾದೆವು. ಮಾವನಿಗೆ ಕುರ್ಚಿ ತರಿಸಿಕೊಡುವೆವೆಂದರೆ ಒಪ್ಪಲಿಲ್ಲ.

ಕೊನೆಗೆ ಎಲೆಯ ಮುಂದೆ ಕುಳಿತೆವು. ಎಲೆಗೆ ನೀರು ಚಿಮುಕಿಸಿ ಒರೆಸುವಾಗ ಮಾವನ ಕೈ ತಮ್ಮ ಎಲೆಯ ಆಚೆಗೂ ಸರಿದು ಮೇಜಿನ ಮೇಲಿದ್ದ ನೀರನ್ನು ಒಂದೇ ಬೀಸಿಗೆ ತುದಿಯವರೆಗೆ ಎಳೆಯಿತು. ಅವರಿಗದು ತಿಳಿಯಲೇ ಇಲ್ಲ. ಪಲ್ಯಗಳು, ಹಪ್ಪಳ, ಪೂರಿ, ಅನ್ನ, ಸಾಂಬಾರು, ಸಾರು, ಮೊಸರು. ಬೇಕಾದಷ್ಟು ಬಡಿಸುವರು, ಎಸೆಯುವಂತಿಲ್ಲ. ನಾವು ವಿವರವನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತ ಉಂಡೆವು. ಮಾವ ಸಾರನ್ನು ಮೂರು ಸಲ ಹಾಕಿಸಿಕೊಂಡರು. ಬೇರೆ ಏನನ್ನೂ ಎರಡನೆಯ ಸಲ ಕೇಳಲಿಲ್ಲ. ಬಡಿಸುತ್ತಿದ್ದವನು ಇಪ್ಪತ್ತರ ಹರೆಯದವನು. ಮಾವ ಅಭ್ಯಾಸಬಲದಿಂದ ಕನ್ನಡದಲ್ಲಿ "ಯಾವ ಊರು ಮಗ?" ಎಂದರು. ಅವನು ಹಿಂದಿಯಲ್ಲಿ ಉತ್ತರ ಕೊಟ್ಟನು: ಒಡಿಶಾದವನು. ಕುಂದಾಪುರದ ಹುಡುಗರು ಈಗ ಮುಂಬಯಿಯಲ್ಲಿ ಲೋಟ ತೊಳೆಯಲು ಹೋಗುವುದು ಕಡಿಮೆ. ಆ ಜಾಗಕ್ಕೆ ಬೇರೆ ಹಳ್ಳಿಗಳ ಹುಡುಗರು ಬಂದಿರುವರು. ಮಾವ ಓದಿನ ವಿಚಾರ ಕೇಳಿದರು. ಹತ್ತನೆಯ ತರಗತಿಯಾಗಿದೆ, ತಂಗಿಯ ಓದಿಗೆ ಹಣ ಕಳಿಸುತ್ತಿದ್ದೇನೆ ಎಂದು ಹೇಳಿ ಅವನು ಮುಂದಿನ ಎಲೆಗೆ ನಡೆದನು. ನಿಲ್ಲುವಷ್ಟು ಪುರಸತ್ತು ಅವನಿಗಿರಲಿಲ್ಲ. ಅದು ಮಾವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಿಂದಿರುಗುವ ಗಾಡಿಯೂ ಮೂರು ಗಂಟೆ ತಡ. ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಮಾವ ಚೀಲದಿಂದ ಲೋಣಾವಳದ ಚಿಕ್ಕಿಯ ಪೊಟ್ಟಣವನ್ನು ತೆಗೆದು ನಮಗೊಂದು ಚೂರು, ಮನೆಯಾಕೆಗೊಂದು ಚೂರು ಮುರಿದುಕೊಟ್ಟು, ತಾವೂ ಬಾಯಿಗೆ ಹಾಕಿಕೊಂಡರು. ಊಟ ಹೇಗಿತ್ತೆಂದು ಆಕೆ ಕೇಳಿದಳು. ಸ್ವಲ್ಪ ಹೊತ್ತು ಅಗಿದು, "ಆ ಹುಡುಗ ಸಾರು ಬಡಿಸುವಾಗ ಎಲೆಯ ಹೊರಗೆ ಒಂದು ಹನಿ ಬೀಳಲಿಲ್ಲ. ನೋಡಿದೆಯಾ ಮಗಳೆ?" ಎಂದರು. ನಾವು ನೋಡಿರಲಿಲ್ಲ.